ಮೇಣ ಕರಗಿದ್ದು ಸರಿ, ಗಟ್ಟಿಯಾಗಲು ಎಷ್ಟು ಹೊತ್ತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಸೋಲಾರ್ ಶಾಖವನ್ನು ಮೇಣದಲ್ಲಿ ಕೂಡಿಡುವ ಬಗ್ಗೆ ಹಿಂದೆ ಒಮ್ಮೆ ನಾಲ್ಕು ಸಾಲು ಬರೆದಿದ್ದೆ: ಮೇಣ ಕರಗುವಾಗ ಶಾಖ ನುಂಗುತ್ತದೆ, ಗಟ್ಟಿಯಾಗುವಾಗ ವಾಪಸ್ ಕೊಡುತ್ತದೆ. ಅದಕ್ಕೆ ಬಂದ ಪತ್ರಗಳು ನೋಡಿದರೆ ಎಂಜಿನಿಯರಿಂಗ್ ಓದುವ ಮಕ್ಕಳೆಲ್ಲ ಇದೇ ಪ್ರಾಜೆಕ್ಟ್ ಹಿಡಿದು ಕೂತಿದ್ದಾರೇನೋ ಅನ್ನಿಸಿತು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಸೋಲಾರ್ ಟ್ಯಾಂಕಿಗೆ ನೀರಿನ ಬದಲು ಮೇಣ ತುಂಬಿದರೆ ಮೂರು ಪಟ್ಟು ಶಾಖ ಹಿಡಿಯುತ್ತದಂತೆ. ಹಾಗಿದ್ದರೆ ಎಲ್ಲರ ಮನೆ ಮೇಲೂ ಯಾಕೆ ಬಂದಿಲ್ಲ? ಅದರೊಳಗೆ ಲೋಹದ ಫಿನ್ ಯಾಕೆ ಹಾಕುತ್ತಾರೆ? (ಶಿವಮೊಗ್ಗ)

ಲೆಕ್ಕ ಮಾಡಿಯೇ ನೋಡೋಣ. 100 ಲೀಟರ್ ನೀರನ್ನು 50 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಿದರೆ ಅದರಲ್ಲಿ ಸುಮಾರು 8,400 ಕಿಲೋಜೌಲ್ ಸೇರುತ್ತದೆ. 58 ಡಿಗ್ರಿ ಆಸುಪಾಸಿನಲ್ಲಿ ಕರಗುವ 100 ಕಿಲೋ ಪ್ಯಾರಫಿನ್ ಮೇಣ ತೆಗೆದುಕೊಳ್ಳಿ. ಕರಗುವುದಕ್ಕೇ ಕಿಲೋಗೆ ಸುಮಾರು 200 ಕಿಲೋಜೌಲ್ ನುಂಗುತ್ತದೆ, ಅದು 20,000 ಆಯಿತು. ಬಿಸಿಯಾಗುವುದಕ್ಕೆ ಇನ್ನೊಂದು 4,000. ಒಟ್ಟು 24,000. ಮೂರು ಪಟ್ಟು ಅನ್ನುವ ಮಾತು ಬಂದದ್ದು ಇಲ್ಲಿಂದ. ಆದರೆ ಅದು ತೂಕದ ಲೆಕ್ಕ. ಮೇಣ ನೀರಿಗಿಂತ ಹಗುರ, ಕರಗಿದಾಗ ಸುಮಾರು 10 ಶೇಕಡಾ ಹಿಗ್ಗುತ್ತದೆ ಬೇರೆ. 100 ಕಿಲೋ ಹಿಡಿಸಲು 130 ಲೀಟರ್ ಜಾಗ ಬೇಕು. ಲೀಟರ್ ಲೆಕ್ಕದಲ್ಲಿ ನೋಡಿದರೆ ಎರಡು ಪಟ್ಟು ಚಿಲ್ಲರೆ ಅಷ್ಟೆ. ಇನ್ನು 30ರಿಂದ 70 ಡಿಗ್ರಿವರೆಗೆ ಅಂತ ಹರವು ದೊಡ್ಡದು ಮಾಡಿಬಿಟ್ಟರೆ ಆ ಲಾಭ 1.3 ಪಟ್ಟಿಗೆ ಇಳಿಯುತ್ತದೆ. ಸ್ನಾನದ ನೀರಿಗೆ ಮಾಮೂಲಿ ಟ್ಯಾಂಕೇ ಸಾಕು ಅಂತ ನನ್ನ ಅಭಿಪ್ರಾಯ. ಉಷ್ಣತೆ ಹೆಚ್ಚು ಕಡಿಮೆ ಆಗಬಾರದು, ಜಾಗವೂ ಕಡಿಮೆ ಇದೆ ಅನ್ನುವ ಕಡೆ ಮಾತ್ರ ಇದಕ್ಕೆ ನಿಜವಾದ ಬೆಲೆ.

ಫಿನ್ ಯಾಕೆ ಅಂದರೆ, ಮೇಣ ಶಾಖವನ್ನು ಹಿಡಿದಿಡುತ್ತದೆಯೇ ಹೊರತು ಸಾಗಿಸುವುದಿಲ್ಲ. ಅದರ ಉಷ್ಣ ವಾಹಕತೆ ಸುಮಾರು 0.2, ನೀರಿನದು 0.6, ಅಲ್ಯುಮಿನಿಯಂನದು 200ರ ಆಸುಪಾಸು. ಸಾವಿರ ಪಟ್ಟು ವ್ಯತ್ಯಾಸ! ಹಾಗಾಗಿ ಬಿಸಿ ಕೊಳವೆಯಿಂದ ಮೇಣದ ಹೊಟ್ಟೆಯೊಳಕ್ಕೆ ಲೋಹದ ಹಾದಿ ಹಾಕಿಕೊಡಬೇಕಾಗುತ್ತದೆ. ಕೊಳವೆಗೆ ಅಂಟಿಸಿದ ತೆಳ್ಳನೆಯ ಲೋಹದ ರೆಕ್ಕೆ, ಆ ಹಾದಿಯೇ ಫಿನ್.

ಪ್ರಶ್ನೆ: ಎಂಟೆಕ್ ಪ್ರಾಜೆಕ್ಟಿಗೆ ಫ್ಲೂಯೆಂಟ್ ಎಂಬ ಸಾಫ್ಟ್‌ವೇರಿನಲ್ಲಿ ಎಂಥಾಲ್ಪಿ-ಪೊರಾಸಿಟಿ ಮಾಡೆಲ್ ಬಳಸುತ್ತಿದ್ದೇನೆ. 'ಮಷಿ ಝೋನ್ ಕಾನ್‌ಸ್ಟಂಟ್' ಅಂತ ಒಂದು ಅಂಕಿ ಕೇಳುತ್ತದೆ. ಒಂದು ಪೇಪರಿನಲ್ಲಿ 10 ಸಾವಿರ, ಇನ್ನೊಂದರಲ್ಲಿ 1 ಕೋಟಿ. ಗೈಡ್ ಕೇಳಿದರೆ ಡಿಫಾಲ್ಟ್ ಬಿಡು ಅನ್ನುತ್ತಾರೆ. ಯಾವುದು ಸರಿ? (ಸುರತ್ಕಲ್)

ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಕರಗುವಾಗ ಗಟ್ಟಿಗೂ ದ್ರವಕ್ಕೂ ನಡುವೆ ಒಂದು ಗಡಿ ಇರುತ್ತದೆ, ಆ ಗಡಿ ಸರಿಯುತ್ತಾ ಹೋಗುತ್ತದೆ. ಅದು ಎಲ್ಲಿದೆ ಅಂತ ಮೊದಲೇ ಗೊತ್ತಿರುವುದಿಲ್ಲ, ಅದನ್ನೂ ಲೆಕ್ಕದಲ್ಲೇ ಕಂಡುಹಿಡಿಯಬೇಕು. ಗಣಿತದವರು ಇದಕ್ಕೆ ಸ್ಟೆಫಾನ್ ಸಮಸ್ಯೆ ಅನ್ನುತ್ತಾರೆ. ವಿಕಿರಣದ ನಿಯಮದಲ್ಲಿ ಬೋಲ್ಟ್ಸ್‌ಮನ್ ಜೊತೆ ಬರುವ ಅದೇ ಜೋಸೆಫ್ ಸ್ಟೆಫಾನ್. 1889ರ ಸುಮಾರಿಗೆ ಆತ ಧ್ರುವ ಸಮುದ್ರದಲ್ಲಿ ಮಂಜುಗಡ್ಡೆ ಎಷ್ಟು ಬೇಗ ದಪ್ಪ ಆಗುತ್ತದೆ ಅಂತ ಲೆಕ್ಕ ಹಾಕಿದ್ದ. ಅದಕ್ಕೂ ಮುಂಚೆ, 1831ರಲ್ಲೇ, ಲಾಮೆ ಮತ್ತು ಕ್ಲಾಪೆರಾನ್ ಇಂಥದ್ದೇ ಸಮಸ್ಯೆಗೆ ಕೈ ಹಾಕಿದ್ದರು.

ಒಂದು ಸಪಾಟು ಗೋಡೆಗೆ ಕೈಯಲ್ಲೇ ಲೆಕ್ಕ ಮಾಡಬಹುದು. ಫಿನ್, ಕೊಳವೆ, ಒಳಗೆ ಸುತ್ತುವ ದ್ರವ ಎಲ್ಲ ಸೇರಿದಾಗ ಗಡಿಯನ್ನು ಹಿಂಬಾಲಿಸುತ್ತಾ ಮೆಶ್ (ಲೆಕ್ಕಕ್ಕೆಂದು ಜಾಗವನ್ನು ಸೆಲ್ ಎಂಬ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿದ ಬಲೆ) ಬದಲಿಸುವುದು ದೊಡ್ಡ ತಲೆನೋವು. 1987ರಲ್ಲಿ ವೊಲರ್ ಮತ್ತು ಪ್ರಕಾಶ್ ತಂದ ಉಪಾಯವೇ ಎಂಥಾಲ್ಪಿ-ಪೊರಾಸಿಟಿ (ಎಂಥಾಲ್ಪಿ ಅಂದರೆ ಕರಗಲು ನುಂಗಿದ್ದೂ ಸೇರಿ ಒಳಗಿರುವ ಶಾಖ). ಅದು ಏನೆಂದರೆ, ಗಡಿಯನ್ನು ಹುಡುಕಲೇ ಬೇಡಿ. ಮೆಶ್ ಇದ್ದಲ್ಲೇ ಇರಲಿ. ಪ್ರತಿ ಸೆಲ್‌ನಲ್ಲೂ ಎಷ್ಟು ಭಾಗ ಕರಗಿದೆ ಅಂತ 0ಯಿಂದ 1ರ ನಡುವಿನ ಒಂದು ಅಂಕಿ ಇಟ್ಟುಕೊಳ್ಳಿ. ಪೂರ್ತಿ ಕರಗದ ಸೆಲ್ ಅನ್ನು ಸಣ್ಣ ತೂತುಗಳಿರುವ ವಸ್ತು ಅಂತ ಭಾವಿಸಿ, ಅದರೊಳಗೆ ಹರಿಯುವ ದ್ರವಕ್ಕೆ ಒಂದು ತಡೆ ಹಾಕಿ. ಗಟ್ಟಿ ಭಾಗ ಜಾಸ್ತಿ ಇದ್ದಷ್ಟೂ ತಡೆ ಜಾಸ್ತಿ.

ಮಷಿ ಝೋನ್ ಅಂದರೆ ಈ ಅರೆ ಕರಗಿದ ಪಟ್ಟಿ, ನೀವು ಕೇಳಿದ ಅಂಕಿ ಆ ತಡೆಯ ಗಾತ್ರ. ಗಟ್ಟಿ ಭಾಗದ ವರ್ಗವನ್ನು ಕರಗಿದ ಭಾಗದ ಘನದಿಂದ ಭಾಗಿಸಿ ಈ ಅಂಕಿಯಿಂದ ಗುಣಿಸುವುದು ಸೂತ್ರ. ಹಾಕಿ ನೋಡಿ: ಪೂರ್ತಿ ಕರಗಿದ ಸೆಲ್‌ನಲ್ಲಿ ತಡೆ ಸೊನ್ನೆ. ಅರ್ಧ ಕರಗಿದ್ದರೆ ಆ ಅಂಕಿಯ ಸುಮಾರು ಎರಡು ಪಟ್ಟು. ಪೂರ್ತಿ ಗಟ್ಟಿ ಇದ್ದರೆ ಸಾವಿರ ಪಟ್ಟು, ಯಾಕೆಂದರೆ ಭಾಜಕದಲ್ಲಿ ಸೊನ್ನೆ ಬರದಿರಲಿ ಅಂತ 0.001 ಕೂಡಿಸಿರುತ್ತಾರೆ. ಅಂಕಿ ತೀರಾ ಚಿಕ್ಕದಾದರೆ ಗಟ್ಟಿ ಇರಬೇಕಾದ ಮೇಣವೂ ನಿಧಾನಕ್ಕೆ ಹರಿಯಲು ಶುರು ಮಾಡುತ್ತದೆ. ತೀರಾ ದೊಡ್ಡದಾದರೆ ಅರೆಬರೆ ಕರಗಿದ್ದೆಲ್ಲ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಕರಗುವ ಸಮಯ ಸುಮ್ನೆ ಉದ್ದ ಆಗುತ್ತದೆ.

ಫ್ಲೂಯೆಂಟ್‌ನ ಡಿಫಾಲ್ಟ್ 1 ಲಕ್ಷ. ಅದರಲ್ಲಿ ಪವಿತ್ರವಾದದ್ದೇನೂ ಇಲ್ಲ. ಎಲ್ಲ ಮೇಣಕ್ಕೂ ಹೊಂದುವ ಒಂದು ಸರಿಯಾದ ಅಂಕಿ ಅಂತ ಇಲ್ಲವೇ ಇಲ್ಲ, ಯಾಕೆಂದರೆ ಇದು ನಿಮ್ಮ ಮೆಶ್ ಎಷ್ಟು ಸಣ್ಣದು, ಮೇಣ ಎಷ್ಟು ಡಿಗ್ರಿ ಹರವಿನಲ್ಲಿ ಕರಗುತ್ತದೆ ಅನ್ನುವುದರ ಮೇಲೂ ನಿಂತಿದೆ. 1 ಡಿಗ್ರಿಯೊಳಗೆ ಕರಗುವ ಶುದ್ಧ ವಸ್ತುವಿಗೆ ಅರೆ ಕರಗಿದ ಪಟ್ಟಿ ತೆಳ್ಳಗಿರುತ್ತದೆ, ಹಾಗಾಗಿ ಅಂಕಿಯ ಪ್ರಭಾವ ಕಡಿಮೆ. ಅಂಗಡಿಯ ಮೇಣ ಐದಾರು ಡಿಗ್ರಿ ಹರವಿನಲ್ಲಿ ಕರಗಿದರೆ ಆ ಪಟ್ಟಿ ಅಗಲವಾಗುತ್ತದೆ, ಅಂಕಿ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ನೀವು ಮಾಡಬೇಕಾದ್ದು ಇಷ್ಟೆ: 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ, ನಾಲ್ಕಕ್ಕೂ ಓಡಿಸಿ, ಪ್ರಯೋಗದ ಪಕ್ಕ ಇಟ್ಟು ನೋಡಿ, ಆರಿಸಿದ್ದು ಯಾವುದು, ಯಾಕೆ ಅಂತ ಥೀಸಿಸ್‌ನಲ್ಲಿ ಬಾಯಿಬಿಟ್ಟು ಬರೆಯಿರಿ. ಗ್ರಾಫ್ ಹೊಂದುವವರೆಗೆ ಗುಟ್ಟಾಗಿ ತಿರುಗಿಸುತ್ತಾ ಕೂತರೆ ಅದು ಮಾಡೆಲಿಂಗ್ ಅಲ್ಲ.

ಇನ್ನೊಂದು ಮಾತು, ಹೊಂದಿದ ತಕ್ಷಣ ಹಿಗ್ಗಬೇಡಿ. 1986ರಲ್ಲಿ ಗೌ ಮತ್ತು ವಿಸ್ಕಾಂತ ಗ್ಯಾಲಿಯಂ ಲೋಹವನ್ನು ಒಂದು ಪಕ್ಕದಿಂದ ಕರಗಿಸಿ ಅಳೆದ ಪ್ರಯೋಗ ಈ ಕ್ಷೇತ್ರದ ಖಾಯಂ ಪರೀಕ್ಷೆ. ಶುರುವಿನಲ್ಲಿ ದೊರಗು ಮೆಶ್ ಹಾಕಿ ಮಾಡಿದ ಲೆಕ್ಕಗಳು ಅದಕ್ಕೆ ಸೊಗಸಾಗಿ ಹೊಂದಿದವು, ದ್ರವದಲ್ಲಿ ಒಂದೇ ಒಂದು ದೊಡ್ಡ ಸುಳಿ. ಮುಂದೆ ಮೆಶ್ ಸಣ್ಣ ಮಾಡಿದರೆ ಒಂದರ ಬದಲು ಹಲವು ಸುಳಿ ಕಾಣಿಸಿಕೊಂಡವು! ಆ ಜಗಳ ವರ್ಷಗಟ್ಟಲೆ ನಡೆಯಿತು. ಕೆಟ್ಟ ಮೆಶ್ ಕೂಡ ಒಳ್ಳೆಯ ಗ್ರಾಫ್ ಕೊಡಬಲ್ಲದು ಅನ್ನುವುದು ನೆನಪಿರಲಿ.

ಪ್ರಶ್ನೆ: ಕರಗುವ ಭಾಗ ಪ್ರಯೋಗಕ್ಕೆ ಚೆನ್ನಾಗಿ ಹೊಂದಿದೆ. ಅದೇ ಮಾಡೆಲ್‌ನಲ್ಲಿ ತಣ್ಣಗೆ ಮಾಡಿದರೆ ಹೊಂದುತ್ತಿಲ್ಲ. ಸಮಯವೂ ಎಲ್ಲೋ ಜಾಸ್ತಿ ಬರುತ್ತಿದೆ. ಒಂದು ಕಡೆ ಕಾಯಿಸಿದ್ದು, ಇನ್ನೊಂದು ಕಡೆ ತಂಪು ಮಾಡಿದ್ದು, ಎರಡೂ ಒಂದೇ ಅಲ್ವಾ? (ಹುಬ್ಬಳ್ಳಿ)

ಒಂದೇ ಅಲ್ಲ. ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಹೆಚ್ಚಿನವರು ಕರಗುವ ಬಣ್ಣಬಣ್ಣದ ಚಿತ್ರ ಬಂದ ಕೂಡಲೇ ಪ್ರಾಜೆಕ್ಟ್ ಮುಗಿಸಿಬಿಡುತ್ತಾರೆ. ಶಾಖ ಕೂಡಿಡುವುದು ವಾಪಸ್ ತೆಗೆಯುವುದಕ್ಕೆ ತಾನೇ? ತೆಗೆಯುವಾಗ ಮೇಣ ಗಟ್ಟಿಯಾಗಬೇಕು. ತೊಂದರೆ ಎಲ್ಲ ಅಲ್ಲೇ ಇದೆ.

ಕರಗುವಾಗ ಬಿಸಿ ಗೋಡೆಗೆ ಅಂಟಿಕೊಂಡಿರುವುದು ದ್ರವ. ಅದು ಬಿಸಿಯಾಗಿ ಮೇಲೇಳುತ್ತದೆ, ತಣ್ಣಗಿನ ಗಟ್ಟಿ ಭಾಗಕ್ಕೆ ತಾಗಿ ಕೆಳಗಿಳಿಯುತ್ತದೆ, ಶಾಖವನ್ನು ತಾನೇ ಹೊತ್ತು ತಿರುಗುತ್ತದೆ. ಕೆಳಗಿನಿಂದ 20 ಡಿಗ್ರಿ ಜಾಸ್ತಿ ಬಿಸಿ ಕೊಟ್ಟರೆ ಕರಗಿದ ಪದರ ಒಂದೆರಡು ಮಿಲಿಮೀಟರ್ ದಪ್ಪ ಆದರೆ ಸಾಕು, ಈ ಸುತ್ತಾಟ ಶುರುವಾಗುತ್ತದೆ. ಗಟ್ಟಿಯಾಗುವಾಗ ಉಲ್ಟಾ. ತಣ್ಣಗಿನ ಗೋಡೆಗೆ ಮೊದಲು ಅಂಟಿಕೊಳ್ಳುವುದೇ ಗಟ್ಟಿ ಮೇಣ. ಅದು ಹೊದಿಕೆ. ಒಳಗಿನ ದ್ರವ ಎಷ್ಟು ಸುತ್ತಿದರೂ ಆ ಹೊದಿಕೆ ದಾಟಿ ಶಾಖ ಹೊರಗೆ ಬರಬೇಕು, ಅದೂ 0.2ರ ವಾಹಕತೆಯಲ್ಲಿ. ನಿಮಿಷ ಕಳೆದಷ್ಟೂ ಹೊದಿಕೆ ದಪ್ಪ. ಸಪಾಟು ಗೋಡೆಯಲ್ಲಿ ಗಟ್ಟಿ ಪದರದ ದಪ್ಪ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ. ಅಂದರೆ 15ನೇ ನಿಮಿಷದಲ್ಲಿ ಸಿಗುತ್ತಿದ್ದ ಪವರ್ 1 ಗಂಟೆಯ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ನಿಮಗೆ ಸಮಯ ಜಾಸ್ತಿ ಬಂದಿದ್ದರಲ್ಲಿ ತಪ್ಪೇನೂ ಇಲ್ಲ, ಅದು ಹಾಗೇ ಬರಬೇಕು.

ಹೊಂದದಿರುವುದಕ್ಕೆ ಬೇರೆ ಕಾರಣಗಳಿವೆ. ಗಟ್ಟಿಯಾಗುವಾಗ ಮೇಣ ಕುಗ್ಗುತ್ತದೆ, ನಡುವೆ ಟೊಳ್ಳು ಬೀಳುತ್ತದೆ, ಕೆಲವು ಸಲ ಫಿನ್‌ನಿಂದಲೇ ಬಿಟ್ಟುಕೊಳ್ಳುತ್ತದೆ. ನೀವು ಬೌಸಿನೆಸ್ಕ್ ಎಂಬ ಸರಳೀಕರಣ ಹಾಕಿ ಸಾಂದ್ರತೆ ಬದಲಾಗದು ಅಂತ ಇಟ್ಟಿದ್ದರೆ ಮಾಡೆಲ್‌ಗೆ ಈ ಟೊಳ್ಳು ಗೊತ್ತೇ ಇಲ್ಲ. ಎರಡನೆಯದು, ಮೇಣದ ಗುಣಗಳನ್ನು ಎಲ್ಲಿಂದ ತಂದಿರಿ? ಡಿಎಸ್‌ಸಿ ಯಂತ್ರದಲ್ಲಿ (ಚಿಟಿಕೆ ಮಾದರಿಯನ್ನು ಕಾಯಿಸಿ, ತಂಪು ಮಾಡಿ ಅದು ಎಷ್ಟು ಶಾಖ ನುಂಗಿತು, ಬಿಟ್ಟಿತು ಅಂತ ಅಳೆಯುವುದು) ನಿಮಿಷಕ್ಕೆ 10 ಡಿಗ್ರಿ ವೇಗದಲ್ಲಿ ಕಾಯಿಸಿ ತೆಗೆದ ಅಂಕಿ ಆಗಿದ್ದರೆ, ಆ ವೇಗಕ್ಕೇ ಕರಗುವ ಬಿಂದು ಮೇಲಕ್ಕೆ ಸರಿದಂತೆ ಕಾಣುತ್ತದೆ. ತಂಪು ಮಾಡುವಾಗ ಅದೇ ಕೆಳಕ್ಕೆ ಸರಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಮೇಣ ಗಂಟೆಗೆ ಕೆಲವೇ ಡಿಗ್ರಿ ಬದಲಾಗುತ್ತಿರುತ್ತದೆ. ನಿಧಾನದ ಸ್ಕ್ಯಾನ್ ಅಂಕಿ ಕೇಳಿ ಪಡೆಯಿರಿ, ಕಾಯಿಸುವಾಗಿನದು ಬೇರೆ, ತಂಪು ಮಾಡುವಾಗಿನದು ಬೇರೆ.

ಮೇಣದ ಬದಲು ಉಪ್ಪಿನ ಹೈಡ್ರೇಟ್ (ಹರಳಿನೊಳಗೆ ನೀರು ಹಿಡಿದಿಟ್ಟುಕೊಂಡ ಉಪ್ಪು) ಬಳಸುತ್ತಿದ್ದರೆ ಕಥೆ ಇನ್ನೂ ದೊಡ್ಡದು. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಕರಗುವುದು 58 ಡಿಗ್ರಿಗೆ. ತಂಪು ಮಾಡಿದರೆ ರೂಮಿನ ಉಷ್ಣತೆಗೆ ಬಂದರೂ ದ್ರವವಾಗಿಯೇ ಕೂತಿರುತ್ತದೆ, ಏನಾದರೂ ಕೆಣಕಿದರೆ ಮಾತ್ರ ಒಮ್ಮೆಲೇ ಗಟ್ಟಿಯಾಗಿ ಬಿಸಿಯಾಗುತ್ತದೆ. ಒಳಗಿನ ಲೋಹದ ಬಿಲ್ಲೆಯನ್ನು ಟಕ್ ಅನ್ನಿಸಿದರೆ ಬಿಸಿಯಾಗುವ, ಚಳಿಗೆ ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣಗಳಿವೆಯಲ್ಲ, ಅದರೊಳಗೆ ಇರುವುದು ಇದೇ. ಮಾಮೂಲಿ ಎಂಥಾಲ್ಪಿ ಮಾಡೆಲ್ ಇದನ್ನು ಹಿಡಿಯುವುದಿಲ್ಲ.

ಪ್ರಶ್ನೆ: ಹಾಗಾದರೆ ಎಷ್ಟು ಫಿನ್, ಎಷ್ಟು ಉದ್ದ? ಜಾಸ್ತಿ ಹಾಕಿದಷ್ಟೂ ಒಳ್ಳೆಯದಾ? (ಬೆಂಗಳೂರು)

ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಗಟ್ಟಿಯಾಗುವ ಸಮಯ ಎಷ್ಟು ಅಂದರೆ: ದಪ್ಪದ ವರ್ಗ, ಗುಣಿಸು ಸಾಂದ್ರತೆ, ಗುಣಿಸು ಲೇಟೆಂಟ್ ಹೀಟ್ (ಕರಗಲು ಮಾತ್ರ ನುಂಗುವ ಶಾಖ). ಅದನ್ನು ವಾಹಕತೆ ಮತ್ತು ಉಷ್ಣತೆಯ ವ್ಯತ್ಯಾಸದ (ಕರಗುವ ಬಿಂದುವಿಗೂ ತಣ್ಣಗಿನ ಗೋಡೆಗೂ ನಡುವಿನದು) ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. ಸಾಂದ್ರತೆ ಘನ ಮೀಟರಿಗೆ 850 ಕಿಲೋ, ಲೇಟೆಂಟ್ ಹೀಟ್ ಕಿಲೋಗೆ 200 ಕಿಲೋಜೌಲ್, ವಾಹಕತೆ 0.2, ವ್ಯತ್ಯಾಸ 20 ಡಿಗ್ರಿ ಹಾಕಿ. 10 ಮಿಲಿಮೀಟರ್ ಗಟ್ಟಿಯಾಗಲು ಸುಮಾರು 35 ನಿಮಿಷ. 20 ಮಿಲಿಮೀಟರಿಗೆ 2 ಗಂಟೆ 20 ನಿಮಿಷ. 5 ಮಿಲಿಮೀಟರಿಗೆ 9 ನಿಮಿಷ ಮಾತ್ರ. ಎರಡು ಫಿನ್‌ಗಳ ನಡುವಿನ ಮೇಣ ಎರಡೂ ಕಡೆಯಿಂದ ಗಟ್ಟಿಯಾಗುವುದರಿಂದ ಈ ದಪ್ಪ ಅಂದರೆ ಸಂದಿಯ ಅರ್ಧ. 20 ಮಿಲಿಮೀಟರ್ ಸಂದಿ ಬಿಟ್ಟರೆ 35 ನಿಮಿಷ ಅಂತಾಯಿತು. ನಿಮಗೆ ಸಂಜೆ 2 ಗಂಟೆ ಕಾಲ ನಿಧಾನಕ್ಕೆ ಶಾಖ ಬೇಕು ಅಂದರೆ 40 ಮಿಲಿಮೀಟರ್ ಸಂದಿಯೇ ಸಾಕು, ಸುಮ್ನೆ ಲೋಹ ತುಂಬಬೇಡಿ.

ಇದು ಫಿನ್ ಉದ್ದಕ್ಕೂ ಒಂದೇ ಉಷ್ಣತೆ ಇರುತ್ತದೆ ಅಂತ ಹಿಡಿದ ಲೆಕ್ಕ. ನಿಜದಲ್ಲಿ ತುದಿ ಹಿಂದೆ ಬೀಳುತ್ತದೆ. 1 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಫಿನ್, ಸುತ್ತ 5 ಮಿಲಿಮೀಟರ್ ಗಟ್ಟಿ ಮೇಣ ಅಂದುಕೊಂಡರೆ ಅದರ ದಕ್ಷತೆ (ಉದ್ದಕ್ಕೂ ಒಂದೇ ಉಷ್ಣತೆ ಇದ್ದಿದ್ದರೆ ಸಾಗಿಸುತ್ತಿದ್ದ ಶಾಖದಲ್ಲಿ ನಿಜಕ್ಕೂ ಸಾಗಿಸುವ ಪಾಲು) ಸುಮಾರು 90 ಶೇಕಡಾ ಬರುತ್ತದೆ. ಅದನ್ನೇ 100 ಮಿಲಿಮೀಟರ್ ಉದ್ದ ಮಾಡಿದರೆ 50ಕ್ಕಿಂತ ಕೆಳಗೆ. 30 ಮಿಲಿಮೀಟರನ್ನೇ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರೂ 45ರ ಹತ್ತಿರ. ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೀಲ್ ಫಿನ್ ಹಾಕುವವರು ಈ ಲೆಕ್ಕ ಒಮ್ಮೆ ನೋಡಲಿ.

ಜಾಸ್ತಿ ಹಾಕಿದರೆ ಏನಾಗುತ್ತದೆ? 1 ಮಿಲಿಮೀಟರ್ ಫಿನ್, 20 ಮಿಲಿಮೀಟರ್ ಸಂದಿ ಅಂದರೆ ಜಾಗದಲ್ಲಿ 5 ಶೇಕಡಾ ಲೋಹಕ್ಕೆ ಹೋಗುತ್ತದೆ. ಸಂದಿ 10 ಮಾಡಿದರೆ 9 ಶೇಕಡಾ. ಅಷ್ಟು ಮೇಣ ಕಡಿಮೆ, ಅಷ್ಟು ತೂಕ ಜಾಸ್ತಿ, ಖರ್ಚೂ ಜಾಸ್ತಿ. ಕರಗುವಾಗ ಇನ್ನೊಂದು ನಷ್ಟವೂ ಇದೆ: ಸಂದಿ ಕಿರಿದಾದರೆ ದ್ರವಕ್ಕೆ ಸುತ್ತಲು ಜಾಗ ಸಿಗುವುದಿಲ್ಲ. ಹಾಗಾಗಿಯೇ ಕರಗುವ ಲೆಕ್ಕ ಮಾತ್ರ ಮಾಡಿದವರಿಗೆ ಕಡಿಮೆ ಫಿನ್ ಸಾಕು ಅನ್ನಿಸುತ್ತದೆ, ಗಟ್ಟಿಯಾಗುವ ಲೆಕ್ಕ ಮಾಡಿದವರಿಗೆ ಸಾಲದು ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಗಟ್ಟಿಯಾಗುವುದರಿಂದಲೇ ಶುರು ಮಾಡಿ ಸಂದಿ ಗೊತ್ತು ಮಾಡಿಕೊಳ್ಳಿ, ಆಮೇಲೆ ಕರಗಿಸಿ ನೋಡಿ.

ಅಡ್ಡ ಮಲಗಿಸಿದ ಟ್ಯಾಂಕ್, ನಡುವೆ ಬಿಸಿ ಕೊಳವೆ ಇರುವವರಿಗೆ ಒಂದು ಸೂಚನೆ. ಕರಗುವಾಗ ಮೇಲಿನ ಅರ್ಧ ಬೇಗ ಮುಗಿಯುತ್ತದೆ, ತಳದಲ್ಲಿ ಗಟ್ಟಿ ಮೇಣ ಹಟ ಹಿಡಿದು ಕೂತಿರುತ್ತದೆ. ಕರಗುವುದು ಬೇಗ ಆಗಲಿ ಅಂದರೆ ಫಿನ್‌ಗಳನ್ನು ಕೆಳಗಡೆ ಜಾಸ್ತಿ ಕೊಡಬೇಕು, ಅಥವಾ ಕೊಳವೆಯನ್ನೇ ಸ್ವಲ್ಪ ಕೆಳಗಿಡಬೇಕು. ಗಟ್ಟಿಯಾಗುವಾಗ ಮೇಲೆ-ಕೆಳಗೆ ಅಷ್ಟು ಭೇದ ಇಲ್ಲ, ಫಿನ್ ಸಮನಾಗಿ ಹರಡಿದ್ದರೆ ಒಳ್ಳೆಯದು. ಎರಡಕ್ಕೂ ಒಂದೇ ಟ್ಯಾಂಕ್ ಆದ್ದರಿಂದ ಎಲ್ಲೋ ನಡುವೆ ರಾಜಿ ಆಗಬೇಕು. ಮತ್ತೆ, 'ಪೂರ್ತಿ ಕರಗಲು ಹಿಡಿದ ಸಮಯ' ಅಂತ ಹೋಲಿಸಬೇಡಿ. ಕೊನೆಯ ನಾಲ್ಕೈದು ಶೇಕಡಾ ಮೂಲೆಯಲ್ಲಿ ಕೂತು ಗಂಟೆ ತಿನ್ನುತ್ತದೆ. 90 ಶೇಕಡಾಕ್ಕೆ ಹಿಡಿದ ಸಮಯ ಹೋಲಿಸಿ.

ಪ್ರಶ್ನೆ: ಚಳಿಗಾಲದಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ ಕರಗುವಾಗ ಗಡ್ಡೆ ತಳಕ್ಕೆ ಹೋಗುತ್ತದೆ. ಐಸ್ ಆದರೆ ತೇಲುತ್ತದೆ. ಕಂಪ್ಯೂಟರ್ ಲೆಕ್ಕಕ್ಕೆ ಇದು ಮುಖ್ಯವಾ? (ತಿಪಟೂರು)

ತಿಪಟೂರಿನಿಂದ ಬರಬೇಕಾದ ಪ್ರಶ್ನೆಯೇ! ಮುಖ್ಯ, ಬಹಳ ಮುಖ್ಯ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಭಾರ ಆಗುತ್ತವೆ, ಗಟ್ಟಿಯಾಗಿ ತೇಲುವ ನೀರೇ ವಿಚಿತ್ರ. ಟ್ಯಾಂಕಿನೊಳಗೆ ಬಿಡಿಸಿಕೊಂಡ ಗಡ್ಡೆ ಬಿಸಿ ತಳದ ಮೇಲೆ ಕೂತರೆ ನಡುವೆ ತೆಳ್ಳನೆಯ ದ್ರವದ ಪೊರೆ ಮಾತ್ರ ಉಳಿಯುತ್ತದೆ, ಆಗ ಕರಗುವುದು ಗಕ್ಕನೆ ವೇಗ ಪಡೆಯುತ್ತದೆ. ಮೇಲೆ ಹೇಳಿದ ಎಂಥಾಲ್ಪಿ-ಪೊರಾಸಿಟಿ ಮಾಡೆಲ್ ಗಟ್ಟಿ ಭಾಗವನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ. ಅಡ್ಡ ಫಿನ್‌ಗಳ ಮೇಲೆ ಮೇಣ ಕೂತಿರುವ ಟ್ಯಾಂಕಿನಲ್ಲಿ ಪ್ರಯೋಗ ಮಾಡೆಲ್‌ಗಿಂತ ಬೇಗ ಕರಗಿದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿ ಸುಮಾರಿಗೆ. ಫ್ರಿಜ್, ಬಿಸಿನೀರು, ಒಂದು ಥರ್ಮಾಮೀಟರ್ ಇದ್ದರೆ ಮನೆಯಲ್ಲೇ ಪ್ರಯೋಗ ಮಾಡಬಹುದು, ಪಾರದರ್ಶಕ ಡಬ್ಬ ಇರಲಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಫ್ಲೂಯೆಂಟ್ ಲೈಸೆನ್ಸ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಕೋಡ್ ಬರೆಯಬಹುದಾ? (ಕಲಬುರಗಿ)

ಖಂಡಿತ. ಗಟ್ಟಿಯಾಗುವುದಕ್ಕಂತೂ ಬರೀ ವಹನ ಹಾಕಿದ ಎರಡು ಆಯಾಮದ ಕೋಡ್ ಸಾಕಷ್ಟು ಹತ್ತಿರ ಬರುತ್ತದೆ. ಪೈಥಾನ್‌ನಲ್ಲಿ ನೂರಿನ್ನೂರು ಸಾಲು. ಕರಗುವುದಕ್ಕೆ ಹರಿವೂ ಬೇಕು ಅಂದರೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕಲಿಯಲು ತಾಳ್ಮೆ ಬೇಕು ಅಷ್ಟೆ.

ಸ್ವಂತ ಕೋಡ್‌ನಲ್ಲಿ ಎಲ್ಲರೂ ಮೊದಲು ಹಿಡಿಯುವುದು ಸುಲಭದ ದಾರಿ: ಕರಗುವ ಹರವಿನಲ್ಲಿ ವಿಶಿಷ್ಟೋಷ್ಣವನ್ನು (ಒಂದು ಕಿಲೋ ಒಂದು ಡಿಗ್ರಿ ಏರಲು ಬೇಕಾದ ಶಾಖ) ಏರಿಸಿಬಿಡುವುದು. 2 ಡಿಗ್ರಿ ಹರವಿನಲ್ಲಿ 200 ಕಿಲೋಜೌಲ್ ಹಂಚಿದರೆ ಡಿಗ್ರಿಗೆ 100, ಮಾಮೂಲಿ 2ರ ಐವತ್ತು ಪಟ್ಟು. ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ) ದೊಡ್ಡದಿದ್ದರೆ ಒಂದು ಸೆಲ್ ಒಂದೇ ಜಿಗಿತಕ್ಕೆ ಆ 2 ಡಿಗ್ರಿ ದಾಟಿಬಿಡುತ್ತದೆ, ಲೇಟೆಂಟ್ ಹೀಟ್ ಲೆಕ್ಕಕ್ಕೇ ಬರುವುದಿಲ್ಲ. ಕೋಡ್ ಎರರ್ ಕೊಡುವುದಿಲ್ಲ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಅದಕ್ಕೇ ಎಂಥಾಲ್ಪಿಯನ್ನೇ ಮುಖ್ಯ ಅಂಕಿಯಾಗಿ ಇಟ್ಟು, ಅದರಿಂದ ಉಷ್ಣತೆ ತೆಗೆಯುವ ದಾರಿ ಕ್ಷೇಮ. ಯಾವ ದಾರಿ ಹಿಡಿದರೂ ಪ್ರತಿ ಹೆಜ್ಜೆಗೂ ಗೋಡೆಯಿಂದ ಒಳಗೆ ಹೋದ ಒಟ್ಟು ಶಾಖ, ಮೇಣ ಮತ್ತು ಫಿನ್‌ನಲ್ಲಿ ಕೂಡಿದ ಶಾಖ, ಎರಡನ್ನೂ ಪ್ರಿಂಟ್ ಮಾಡಿ. ಅವೆರಡೂ ಸರಿಹೋಗದಿದ್ದರೆ ಮುಂದಕ್ಕೆ ಹೋಗಬೇಡಿ. ಆಮೇಲೆ ಫಿನ್ ತೆಗೆದುಹಾಕಿ, ಒಂದೇ ಗೋಡೆ ಇಟ್ಟು, ಸ್ಟೆಫಾನ್ ಲೆಕ್ಕದ 35 ನಿಮಿಷಕ್ಕೆ ಹತ್ತಿರ ಬರುತ್ತದಾ ನೋಡಿ.

ಪ್ರಶ್ನೆ: ಇದೆಲ್ಲ ಲ್ಯಾಬಿನಲ್ಲೇ ಉಳಿದಿದೆಯಾ, ಎಲ್ಲಾದರೂ ದೊಡ್ಡದಾಗಿ ಕಟ್ಟಿದ್ದಾರಾ? (ಮೈಸೂರು)

ಕಟ್ಟಿದ್ದಾರೆ. ಸ್ಪೇನಿನ ಕಾರ್ಬೊನೆರಾಸ್ ಎಂಬಲ್ಲಿ 2010ರ ಸುಮಾರಿಗೆ ಜರ್ಮನಿಯ ಅಂತರಿಕ್ಷ ಸಂಶೋಧನಾ ಸಂಸ್ಥೆ ಡಿಎಲ್‌ಆರ್‌ನವರು ಸೋಲಾರ್ ಹಬೆಗೆಂದು ಒಂದು ದೊಡ್ಡ ಸ್ಟೋರೇಜ್ ಪರೀಕ್ಷಿಸಿದರು. ಮೇಣ ಅಲ್ಲ, 306 ಡಿಗ್ರಿಗೆ ಕರಗುವ ಸೋಡಿಯಂ ನೈಟ್ರೇಟ್, ಸುಮಾರು 14 ಟನ್. ಕಿಲೋಗೆ 178 ಕಿಲೋಜೌಲ್ ಅಂತ ಗುಣಿಸಿ ನೋಡಿ, 700 ಯೂನಿಟ್ ಹತ್ತಿರ ಬರುತ್ತದೆ. ಒಳಗೆ ಒತ್ತಡದ ನೀರು ಹರಿಯುವ ಸ್ಟೀಲ್ ಕೊಳವೆಗಳು, ಅವಕ್ಕೆ ಅಲ್ಯುಮಿನಿಯಂ ಫಿನ್. ನೀರು ಕುದಿಯುವುದೂ ಒಂದೇ ಉಷ್ಣತೆಯಲ್ಲಿ, ಉಪ್ಪು ಗಟ್ಟಿಯಾಗುವುದೂ ಒಂದೇ ಉಷ್ಣತೆಯಲ್ಲಿ, ಹಾಗಾಗಿ ಜೋಡಿ ಚೆನ್ನಾಗಿ ಕೂಡುತ್ತದೆ. ಅಲ್ಲೂ ಕೊಳವೆಯ ಸುತ್ತ ಉಪ್ಪಿನ ಹೊದಿಕೆ ಬೆಳೆಯುವುದು ತಪ್ಪಿದ್ದಲ್ಲ, ಸಿಗುವ ಹಬೆ ಎಷ್ಟು ಅನ್ನುವುದನ್ನು ಆ ಹೊದಿಕೆಯ ದಪ್ಪವೇ ತೀರ್ಮಾನಿಸುತ್ತದೆ.